ಸೊನ್ನೆ ಅಪಘಾತದ ತಿರುವು

ಜೂನ್ 3

ನಮ್ಮ ಇಂಜಿನಿಯರಮ್ಮನಿಗೆ ಸೋದರಮಾವನ ಆಶೀರ್ವಾದ.

ಕಾಗದದ ಮೊದಲ ಸಾಲಲ್ಲೇ ಎಲ್ಲರೂ ಕ್ಷೇಮ ಅಂತ ಬರೆಯಬೇಕಂತೆ. ಎಲ್ಲರೂ ಕ್ಷೇಮವಾಗಿದ್ದಿದ್ದರೆ ನಾನ್ಯಾಕೆ ಪೆನ್ನು ಹಿಡಿದು ಕೂರ್ತಿದ್ದೆ? ಫೋನ್ ಮಾಡಿದರೆ "ಮಾವ, ಮೀಟಿಂಗಲ್ಲಿದ್ದೀನಿ" ಅಂತ ಇಟ್ಟುಬಿಡ್ತೀಯ. ಕಾಗದವನ್ನ ಅರ್ಧಕ್ಕೆ ಇಡೋಕೆ ಆಗಲ್ಲ. ಹರಿದು ಹಾಕಬಹುದು, ಆದರೆ ನಮ್ಮಕ್ಕನ ಮಗಳು ಅಷ್ಟು ಕೆಟ್ಟವಳಲ್ಲ.

ವಿಷಯಕ್ಕೆ ಬರ್ತೀನಿ. ರಸ್ತೆ ಸುರಕ್ಷತೆಗೆ ಅಂತ ಸರ್ಕಾರ ದೊಡ್ಡ ಮೊತ್ತ ಬಿಡುಗಡೆ ಮಾಡಿದೆಯಂತೆ. ಅಪಾಯದ ಜಾಗಗಳ ಪಟ್ಟಿ ಮಾಡೋದು ನಿನ್ನ ಕಚೇರಿಯಂತೆ. ಪೇಪರನ್ನ ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳೋ ಹಾಗೆ ಓದಿ, "ಈ ಪಟ್ಟಿ ಬರೆಯೋ ಕೈಗೆ ಅ ಆ ತಿದ್ದಿಸಿದ್ದು ಯಾರು ಗೊತ್ತಾ?" ಅಂದೆ. ತಿದ್ದಿಸಿದ್ದು ನಿಮ್ಮಮ್ಮ. ಆದರೆ ಸ್ಲೇಟು ತಂದುಕೊಟ್ಟಿದ್ದು ನಾನು. ನಾನೂ ಏನು ಕಮ್ಮಿ ಓದಿದವನಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸು, ಅದನ್ನೂ ಎರಡು ಸಲ.

ನಮ್ಮ ತಿರುವು ನಿನಗೆ ನೆನಪಿರಬೇಕು. ಗುಡ್ಡ ಇಳಿದು ಬರೋ ರಸ್ತೆ, ತಿರುವಿನ ಒಳಮೂಲೆಯಲ್ಲಿ ನನ್ನ ಪಂಕ್ಚರ್ ಮತ್ತು ಡೆಂಟಿಂಗ್ ಅಂಗಡಿ, ರಸ್ತೆಯಾಚೆ ಸ್ವಲ್ಪ ಕೆಳಕ್ಕೆ ನಿನ್ನ ಅತ್ತೆಯ ಹೊಲಿಗೆ ಅಂಗಡಿ. ಮೇಲಿಂದ ಇಳಿಯೋ ಗಾಡಿಗೆ ಕೆಳಗಿಂದ ಹತ್ತೋದು ಮೂಗು ಮುಟ್ಟೋವರೆಗೂ ಕಾಣಲ್ಲ. ಆ ದುಡ್ಡಲ್ಲಿ ನಮಗೊಂದು ತಡೆಗೋಡೆ, ಎರಡು ಹಂಪು, ದಾಟೋಕೆ ಬಿಳಿ ಪಟ್ಟೆ ಹಾಕಿಸಿಕೊಡು. ಜಾಸ್ತಿ ಕೇಳ್ತಿಲ್ಲ.

ಮತ್ತೆ, ನಮ್ಮಷ್ಟು ಸಭ್ಯ ಜನಕ್ಕೆ ಕೊಡದೆ ಇನ್ಯಾರಿಗೆ ಕೊಡ್ತೀರ? ಹನ್ನೊಂದು ವರ್ಷದಿಂದ ಈ ತಿರುವಿನ ಒಂದೇ ಒಂದು ಕೇಸೂ ಠಾಣೆಗೆ ಹೋಗಿಲ್ಲ. ಯಾಕೆ ಹೇಳು? ಗುದ್ದಿದವನು, ಗುದ್ದಿಸಿಕೊಂಡವನು, ಇಬ್ಬರನ್ನೂ ನನ್ನ ಬೆಂಚಿನ ಮೇಲೆ ಕೂರಿಸ್ತೀನಿ. ಇಬ್ಬರ ಕೈಗೂ ಟೀ. ಟೀ ಮುಗಿಯೋವರೆಗೂ ಯಾರೂ ತುಟಿ ಪಿಟಕ್ ಅನ್ನಬಾರದು. ಬಿಸಿ ಟೀ ಕುಡಿಯುವಾಗ ಯಾರಿಗಾದರೂ ಬೈಯೋಕೆ ಆಗುತ್ತಾ? ಲೋಟ ಖಾಲಿ ಆಗೋ ಹೊತ್ತಿಗೆ ಸಿಟ್ಟೂ ಖಾಲಿ. ಆಮೇಲೆ ನಾನು ಹೇಳಿದ್ದೇ ತೀರ್ಪು. ಠಾಣೆಯವರಿಗೆ ನಮ್ಮ ತಿರುವು ಎಲ್ಲಿದೆ ಅಂತಲೇ ಗೊತ್ತಿಲ್ಲ, ಬೇಕಾದರೆ ವಿಚಾರಿಸು!

ನಿನ್ನ ಅತ್ತೆಗೆ ಕಾಲು ಸ್ವಲ್ಪ ಉಳುಕಿದೆ. ಬೇರೇನಿಲ್ಲ.

ನಿನ್ನ ಮಾವ


ಜೂನ್ 19

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿ ನಕ್ಕೆ. ಪಕ್ಕದ ಮೇಜಿನವರು ಏನಾಯಿತೆಂದು ಕೇಳಿದರು. ನಮ್ಮ ಮಾವ ಏಳನೇ ಕ್ಲಾಸನ್ನು ಎರಡು ಸಲ ಓದಿದ್ದಾರೆ ಅಂದೆ.

ಪಟ್ಟಿಯ ವಿಷಯ. ಯಾವ ಜಾಗ ಸೇರಬೇಕೆಂದು ತೀರ್ಮಾನಿಸುವುದು ನಾನಲ್ಲ, ದಾಖಲೆಗಳು. ನನ್ನ ಊರು ಅನ್ನುವ ಕಾರಣಕ್ಕೆ ನಾನು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಊರವರೆಲ್ಲ ಸಹಿ ಮಾಡಿ ಒಂದು ಅರ್ಜಿ ಕಳಿಸಿ. ಬಂದ ಅರ್ಜಿಗಳನ್ನೆಲ್ಲ ನೋಡುತ್ತೇವೆ.

ಅತ್ತೆಯ ಕಾಲು ಹೇಗೆ ಉಳುಕಿತು? ಫೋನ್ ಮಾಡಿದರೆ ಅತ್ತೆ ಎತ್ತುತ್ತಿಲ್ಲ.

ನಿಮ್ಮ ಸೊಸೆ


ಜೂನ್ 27

ಇಂಜಿನಿಯರಮ್ಮನವರ ಸನ್ನಿಧಾನಕ್ಕೆ,

"ಬಂದ ಅರ್ಜಿಗಳನ್ನೆಲ್ಲ ನೋಡುತ್ತೇವೆ." ಇದು ನನ್ನ ಸೊಸೆ ಬರೆದ ಸಾಲಾ, ಕಚೇರಿಯ ಗೋಡೆ ಬರೆದಿದ್ದಾ? ಇರಲಿ. ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ಸಣ್ಣ ರಸ್ತೆ ಕಾಣೋದು ನಿಧಾನ. ನನಗೇನೂ ಬೇಜಾರಿಲ್ಲ. ಬೇಜಾರಿಲ್ಲ ಅಂತ ಮೂರು ಜನಕ್ಕೆ ಹೇಳಿಯೂ ಬಂದೆ.

ಅರ್ಜಿ ಕಳಿಸಿದ್ದೀನಿ. ನೂರ ಹನ್ನೆರಡು ಸಹಿ, ಎರಡೇ ದಿನದಲ್ಲಿ. "ಹನ್ನೊಂದು ವರ್ಷದಿಂದ ಒಂದೂ ಪೊಲೀಸ್ ಕೇಸಿಲ್ಲದ ಶಾಂತ ಪ್ರದೇಶ" ಅನ್ನೋ ಸಾಲನ್ನ ನಾನೇ ಸೇರಿಸಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೀನಿ. ಮೇಲಿನವರ ಕಣ್ಣಿಗೆ ಮೊದಲು ಅದೇ ಬೀಳಬೇಕು.

ನಿನ್ನ ಅತ್ತೆ ಮೆಟ್ಟಿಲಿಂದ ಜಾರಿದಳು, ಅಷ್ಟೇ. ಮಾತಾಡ್ತಿಲ್ಲ ಅಂದರೆ, ಅವಳು ಮೊದಲಿಂದಲೂ ಕಮ್ಮಿ ಮಾತಿನವಳು. ಈ ಕಾಗದವನ್ನ ಅವಳೇ ಅಂಚೆಗೆ ಹಾಕಿಸ್ತಾಳೆ.

ನಿನ್ನ ಮಾವ

(ಕೆಳಗೆ, ಬೇರೆ ಕೈಬರಹದಲ್ಲಿ)

ಲಕೋಟೆ ಅಂಟಿಸೋ ಮುಂಚೆ ಓದಿದೆ ಮಗಳೇ. ಉಳುಕಿಲ್ಲ, ಮೂಳೆ ಮುರಿದಿದೆ. ನಮ್ಮ ಮನೆಗೆ ಮೆಟ್ಟಿಲೇ ಇಲ್ಲವಲ್ಲ. — ಅತ್ತೆ


ಜುಲೈ 30

ಮಾವ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ.

ನಿಮ್ಮ ಅರ್ಜಿ ನನ್ನ ಮೇಜಿಗೇ ಬಂತು. ನಿಯಮದ ಪ್ರಕಾರ ಠಾಣೆಯಿಂದ ಮೂರು ವರ್ಷದ ದಾಖಲೆ ತರಿಸಿದೆ. ಜನಕ್ಕೆ ಪೆಟ್ಟಾದ ಅಪಘಾತ ಮೂರು ವರ್ಷದಲ್ಲಿ ಐದಾದರೂ ದಾಖಲಾಗಿದ್ದರೆ ಮಾತ್ರ ಆ ಜಾಗಕ್ಕೆ ಹಣ. ನಮ್ಮ ತಿರುವಿನ ಮುಂದೆ ಅವರು ಬರೆದು ಕಳಿಸಿದ್ದು ಸೊನ್ನೆ. ಇಡೀ ಹೆದ್ದಾರಿಯಲ್ಲಿ ಅತ್ಯಂತ ಕ್ಷೇಮವಾದ ತಿರುವು ನಮ್ಮದು, ಕಾಗದದ ಪ್ರಕಾರ. ನಿಮ್ಮ ಕೆಂಪು ಗೆರೆ ಅದನ್ನೇ ಗಟ್ಟಿ ಮಾಡಿತು. ಪಟ್ಟಿಯಿಂದ ಹೊಡೆದು ಹಾಕಿದ್ದು ನಾನೇ. ಸಹಿ ನನ್ನದೇ.

ನಮ್ಮಲ್ಲಿಂದ ನಾಲ್ಕು ಮೈಲಿ ಕೆಳಗಿನ ಸೇತುವೆಗೆ ತಡೆಗೋಡೆ, ದೀಪ ಎಲ್ಲ ಬರುತ್ತಿವೆ. ಅಲ್ಲಿಯವರು ಜಗಳಗಂಟರು, ಸೈಕಲ್ ತಾಗಿದರೂ ಠಾಣೆಗೆ ಓಡುತ್ತಾರೆ ಅಂತ ನೀವೇ ಆಡಿಕೊಳ್ಳುತ್ತಿದ್ದಿರಿ.

ಒಂದು ದಾರಿ ಇದೆ. ತಡವಾಗಿಯೂ ಹೇಳಿಕೆ ಬರೆಸಬಹುದು. ಪೆಟ್ಟಾದವರು ಆಸ್ಪತ್ರೆಯ ಚೀಟಿ ಹಿಡಿದು ಠಾಣೆಗೆ ಹೋಗಿ, ಮೊಕದ್ದಮೆ ಬೇಡ, ದಾಖಲೆ ಸಾಕು ಅಂದರೂ ಆಗುತ್ತದೆ. ಸೆಪ್ಟೆಂಬರ್ ಮೂವತ್ತರೊಳಗೆ ಐದು ಬೇಕು. ಈ ಸಲ ತಪ್ಪಿದರೆ ಮುಂದಿನ ಹಣ ಯಾವ ವರ್ಷವೋ ಗೊತ್ತಿಲ್ಲ.

ಅತ್ತೆಗೆ ಏನಾಯಿತು, ಮಾವ?

ನಿಮ್ಮ ಸೊಸೆ


ಆಗಸ್ಟ್ 9

ಸೊನ್ನೆ ಅಂದೆಯಲ್ಲ. ಹನ್ನೊಂದು ವರ್ಷ ಜನರನ್ನ ಕೋರ್ಟು ಕಚೇರಿ ಅಲೆಯೋದರಿಂದ ಉಳಿಸಿದ್ದಕ್ಕೆ ನೀನು ಕೊಟ್ಟ ಮಾರ್ಕು.

ನಾನೇನು ಕೆಟ್ಟ ಕೆಲಸ ಮಾಡಿದ್ದೆನಾ? ಕೈಕುಲುಕಿಸಿ ಕಳಿಸಿದೆ. ಬಡವರ ಗಾಡಿಯ ಡೆಂಟು ಬಿಟ್ಟಿ ಎತ್ತಿಕೊಟ್ಟಿದ್ದೂ ಇದೆ.

ಇವತ್ತು ಇಷ್ಟೇ ಬರೆಯೋದು. ಕೈ ನೋವು.

ಮಾವ


ಆಗಸ್ಟ್ 26

ಮಗಳೇ,

ಹೋದ ಕಾಗದ ಸಿಟ್ಟಲ್ಲಿ ಬರೆದಿದ್ದು. ಕೈ ನೋವು ಇರಲಿಲ್ಲ.

ಪುಸ್ತಕದಲ್ಲಿ ಬರೆದಿಟ್ಟಿಲ್ಲವಾದರೂ ಒಂದೊಂದೂ ನನ್ನ ತಲೆಯಲ್ಲಿದೆ. ಮೂರು ವರ್ಷದಲ್ಲಿ ಆಸ್ಪತ್ರೆ ಕಂಡವರು ಒಂಬತ್ತು ಜನ. ಲೆಕ್ಕ ಹಾಕಿದ ಮೇಲೆ ನನಗೇ ಒಂದು ಥರ ಆಯ್ತು. ಒಂದೊಂದಾಗಿ ಬಂದಾಗ ಒಂಬತ್ತು ಅಂತ ಅನ್ನಿಸಿರಲೇ ಇಲ್ಲ.

ಮೊದಲು ಕಟಿಂಗ್ ಶಾಪಿನವನ ಹತ್ತಿರ ಹೋದೆ. ಹೋದ ವರ್ಷ ಅವನ ಪಕ್ಕೆಲುಬು ಮುರಿದಿತ್ತು. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಮಾತು ತೆಗೆದೆ.

"ಠಾಣೆಗೆ ಬಂದು ಒಂದು ಹೇಳಿಕೆ ಬರೆಸಿಬಿಡಪ್ಪ" ಅಂದೆ.

ಕತ್ತಿ ನನ್ನ ಗಂಟಲ ಹತ್ತಿರ ನಿಂತಿತು. "ಅವತ್ತು ಠಾಣೆಗೆ ಹೋಗ್ತೀನಿ ಅಂದಾಗ ಏನಂದ್ರಿ ಜಡ್ಜ್ ಸಾಹೇಬ್ರೆ? ಗಂಡಸಾದವನು ಎರಡು ಎಲುಬಿಗೆ ಅಳ್ತಾನಾ ಅಂದ್ರಿ. ಜನ ಎಲ್ಲ ನಕ್ಕರು."

"ನಾನು ಹಾಗಂದೆನಾ?"

"ಅಂದ್ರಿ. ನಗೋಕೆ ನನಗೂ ಆಸೆ ಇತ್ತು, ಎಲುಬು ಬಿಡಲಿಲ್ಲ."

ವಾದ ಮಾಡೋಕೆ ಅದು ಒಳ್ಳೇ ಜಾಗ ಅಲ್ಲ ಅಂತ ಸುಮ್ಮನಾದೆ. ಅರ್ಧ ಗಡ್ಡ ಹೆರೆದು, ಉಳಿದರ್ಧ ನಾಳೆ ಅಂತ ಎಬ್ಬಿಸಿಬಿಟ್ಟ! ಊರೆಲ್ಲ ಅರ್ಧ ಗಡ್ಡದಲ್ಲಿ ಓಡಾಡಿದೆ. ಮಾರನೇ ದಿನ ಹೋದೆ, ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಹೇಳಿದೆ. "ಅವತ್ತು ನಾನಂದಿದ್ದು ತಪ್ಪು ಕಣಪ್ಪ." ಈ ಮಾತು ನನ್ನ ಬಾಯಿಂದ ಬಂದಿದ್ದು ನೋಡಿ ಅವನಿಗೇ ಗಾಬರಿಯಾಗಿ, "ಬರ್ತೀನಿ, ಮೊದಲು ಗಡ್ಡ ಮುಗಿಸಿಕೊಳ್ಳಿ" ಅಂದ.

ಹಾಗೆ ಒಂದಾಯ್ತು. ಇನ್ನೂ ನಾಲ್ಕು. ನಿನ್ನ ಮಾವ ಯಾರು ಅಂದುಕೊಂಡಿದ್ದೀಯ?


ಸೆಪ್ಟೆಂಬರ್ 12

ಮಗಳೇ,

ನಾಲ್ಕಾಯ್ತು. ಕಟಿಂಗ್ ಶಾಪಿನವನು, ಮೊಟ್ಟೆ ಮಾರೋನು, ಬಡಗಿ, ಶಾಲೆಯ ಟೀಚರಮ್ಮ. ಟೀಚರಮ್ಮ ಹೇಳಿಕೆಯನ್ನ ತಾವೇ ಬರೆದು, ನನ್ನ ಕೈಲಿ ಓದಿಸಿ, ಎರಡು ಕಡೆ ಉಚ್ಚಾರಣೆ ತಿದ್ದಿದರು. ಉಳಿದವರಲ್ಲಿ ಇಬ್ಬರು ಊರು ಬಿಟ್ಟಿದ್ದಾರೆ, ಒಬ್ಬ ಚೀಟಿ ಕಳೆದುಕೊಂಡಿದ್ದಾನೆ, ಒಬ್ಬ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡ.

ನಾಲ್ಕೂ ನಾಲ್ಕೂ ಎಂಟಾಯ್ತು. ಒಂಬತ್ತನೆಯವರು ಯಾರು ಅಂತ ನೀನು ಕೇಳ್ತೀಯ. ಕೇಳೋ ಮುಂಚೆ ಹೇಳಿಬಿಡ್ತೀನಿ, ಆಮೇಲೆ ಧೈರ್ಯ ಇರುತ್ತೋ ಇಲ್ಲವೋ.

ಮೇ ಇಪ್ಪತ್ತೊಂದು, ಬೆಳಗ್ಗೆ ಹತ್ತು ಗಂಟೆ. ನಿನ್ನ ಅತ್ತೆ ಯಾರದೋ ಹೊಲಿದ ಬಟ್ಟೆ ಹಿಡಿದುಕೊಂಡು ರಸ್ತೆ ದಾಟುತ್ತಿದ್ದಳು. ಬ್ರೆಡ್ ವ್ಯಾನು ಇಳಿದು ಬಂತು. ಸದ್ದು ಕೇಳಿ ನಾನು ಓಡಿದೆ. ಡ್ರೈವರ್ ನೆಲದ ಮೇಲೆ ಕೂತು ತಲೆ ಹಿಡಿದುಕೊಂಡಿದ್ದ. "ಕೆಲಸ ಹೋಗುತ್ತೆ ಅಣ್ಣ, ಕೆಲಸ ಹೋಗುತ್ತೆ" ಅಂತ ಅದೊಂದೇ ಮಾತು. ಸುತ್ತ ಜನ. ಯಾರೂ ಅವಳನ್ನ ನೋಡ್ತಿರಲಿಲ್ಲ ಕಣಮ್ಮ, ನನ್ನನ್ನೇ ನೋಡ್ತಿದ್ದರು. ಊರಿಗೆಲ್ಲ ತೀರ್ಪು ಹೇಳೋನು ತನ್ನ ಹೆಂಡತಿಗೆ ಪೆಟ್ಟಾದಾಗ ಏನು ಮಾಡ್ತಾನೆ ಅಂತ.

ನಾನು ಅವಳನ್ನ ಎತ್ತಿ ಬೆಂಚಿನ ಮೇಲೆ ಕೂರಿಸಿದೆ. ಡ್ರೈವರನ್ನ ಪಕ್ಕದಲ್ಲಿ ಕೂರಿಸಿದೆ. ಇಬ್ಬರ ಕೈಗೂ ಟೀ ಕೊಟ್ಟೆ. ಎಲ್ಲರಿಗೂ ಇರೋ ನಿಯಮ ಅವಳಿಗೂ.

ಅವಳ ಕಾಲು ಯಾವ ದಿಕ್ಕಿಗೆ ತಿರುಗಿತ್ತು ಅಂತ ನಾನು ನೋಡಿದ್ದೆ. ಆದರೂ ಕೊಟ್ಟೆ. ಅವಳು ಒಂದು ಮಾತೂ ಆಡದೆ ಆ ಟೀ ಪೂರ್ತಿ ಕುಡಿದಳು.

ಜನ "ಭೇಷ್" ಅಂದರು. ಅದೇ ವ್ಯಾನಲ್ಲಿ ಆಸ್ಪತ್ರೆಗೆ ಹೋದ್ವಿ. ಅವತ್ತಿಂದ ಅವಳು ನನ್ನ ಹತ್ತಿರ "ಊಟ", "ಬಾಗಿಲು", "ಗ್ಯಾಸ್" ಅನ್ನೋದು ಬಿಟ್ಟು ಬೇರೆ ಮಾತಾಡಿಲ್ಲ.

ಇನ್ನೊಬ್ಬರನ್ನ ಎಲ್ಲಾದರೂ ಹುಡುಕ್ತೀನಿ. ಬಾಗಿಲು ಹಾಕಿಕೊಂಡವನು ಮತ್ತೆ ತೆಗೆಯಲೇಬೇಕಲ್ಲ.

ಮಾವ


ಸೆಪ್ಟೆಂಬರ್ 18

ಮಾವ,

ಬೇರೆಯವರನ್ನು ಯಾಕೆ ಹುಡುಕುತ್ತೀರಿ? ಅತ್ತೆಯನ್ನು ಕೇಳಿದಿರಾ?

ನಿಮ್ಮ ಸೊಸೆ


ಸೆಪ್ಟೆಂಬರ್ 29

ಮಗಳೇ,

ಐದು! ಒಂದು ದಿನ ಮುಂಚೆಯೇ.

ನಿನ್ನ ಕಾಗದ ಜೇಬಲ್ಲಿಟ್ಟುಕೊಂಡು ಒಂದು ವಾರ ಓಡಾಡಿದೆ. ಕೊನೆಗೆ ಅವಳ ಅಂಗಡಿಗೆ ಹೋಗಿ ಮಿಷಿನ್ ಮುಂದೆ ನಿಂತೆ. "ಅಳತೆಗಾ?" ಅಂದಳು, ತಲೆ ಎತ್ತದೆ.

"ಠಾಣೆಗೆ ಹೋಗೋಣ ಕಣೇ" ಅಂದೆ.

"ರಸ್ತೆಗೋಸ್ಕರವಾ?"

ಹೌದು ಅನ್ನೋಕೆ ಬಾಯಿ ತೆಗೆದೆ. ಬರಲಿಲ್ಲ. "ನಿನಗೋಸ್ಕರ. ಮೇ ತಿಂಗಳಲ್ಲೇ ಹೋಗಬೇಕಿತ್ತು" ಅಂದೆ. ಅವಳು ದಾರ ಕಚ್ಚಿ ಕತ್ತರಿಸಿ, "ಕೋಲು" ಅಂದಳು.

ಠಾಣೆಯಲ್ಲಿ ಕಾನ್‌ಸ್ಟೇಬಲ್ ಒಂದೊಂದೇ ಕೇಳಿ ಬರೆದುಕೊಂಡ. "ಅಪಘಾತ ಆದ ತಕ್ಷಣ ಆಸ್ಪತ್ರೆಗೆ ಹೋದ್ರಾ ಅಮ್ಮ?"

"ಇಲ್ಲ. ಮೊದಲು ಟೀ ಕುಡಿದೆ."

ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದ. "ಟೀ?"

ಅವಳು ನನ್ನ ಕಡೆ ತಿರುಗಿದಳು. ಬಯ್ಯಲಿಲ್ಲ. ಸುಮ್ಮನೆ ಕಾದಳು. ಆ ಕೋಣೆಯಲ್ಲಿ ನನ್ನ ಪರಿಚಯದವರು ಮೂರು ಜನ ಇದ್ದರು. ನನ್ನನ್ನ ಜಡ್ಜ್ ಸಾಹೇಬ್ರೆ ಅನ್ನೋರು.

"ನಾನೇ ಕುಡಿಸಿದ್ದು ಸಾರ್" ಅಂದೆ. "ಕಾಲು ಮುರಿದಿದೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಸಿ ಕೂರಿಸಿದೆ. ಹಾಗೇ ಬರೆದುಕೊಳ್ಳಿ."

ಬರೆದುಕೊಂಡ. ಅವಳು ಸಹಿ ಮಾಡಿದಳು, ಸಾಕ್ಷಿ ಅಂತ ನಾನು ಮಾಡಿದೆ. ಡ್ರೈವರ್ ಮೇಲೆ ಮೊಕದ್ದಮೆ ಬೇಡ ಅಂತ ಅವಳೇ ಹೇಳಿದಳು, ನನ್ನನ್ನ ಕೇಳದೆ. ಅದು ಅವಳ ತೀರ್ಪು.

ಬಸ್ಸಲ್ಲಿ ಅರ್ಧ ದಾರಿ ಬಂದ ಮೇಲೆ ಅವಳು ಅಂದಳು, "ಆ ಟೀಗೆ ಸಕ್ಕರೆಯೂ ಹಾಕಿರಲಿಲ್ಲ ನೀವು."

ನಾಲ್ಕು ತಿಂಗಳಾದ ಮೇಲೆ ಮೊದಲನೇ ಪೂರ್ತಿ ವಾಕ್ಯ.

ಮಾವ


ನವೆಂಬರ್ 14

ಮಾವ, ಅತ್ತೆ,

ಸಮಿತಿಯಲ್ಲಿ ನಮ್ಮ ತಿರುವಿನ ಸರದಿ ಬಂದಾಗ ನಾನು ಎದ್ದು ಹೊರಗೆ ಹೋದೆ. ನನ್ನ ಊರು, ನಾನಿರಬಾರದು. ಕಾರಿಡಾರಿನಲ್ಲಿ ನಿಂತು ಬೋರ್ಡಿನ ಮೇಲಿದ್ದ ನೋಟಿಸನ್ನೆಲ್ಲ ಎರಡೆರಡು ಸಲ ಓದಿದೆ. ಒಳಗೆ ಕರೆದಾಗ ಮಂಜೂರಾಗಿತ್ತು. ಪಟ್ಟಿಯಲ್ಲಿ ಕೊನೆಯ ಹೆಸರು, ಆದರೆ ಇದೆ. ತಡೆಗೋಡೆ, ಹಂಪು, ಪಟ್ಟೆ, ಎಲ್ಲಕ್ಕೂ.

ಇನ್ನೊಂದು ವಿಷಯ ಇದೆ. ಅದನ್ನು ಜುಲೈನಿಂದ ಮುಚ್ಚಿಟ್ಟಿದ್ದೇನೆ.

ದಾಖಲೆ ತರಿಸಿದ ದಿನವೇ ಆ ತಿರುವಿನ ನಕ್ಷೆಯನ್ನೂ ತೆಗೆದು ನೋಡಿದ್ದೆ. ಇಳಿಯುವ ಡ್ರೈವರನ ಕಣ್ಣಿನಿಂದ ಒಂದು ಗೆರೆ ಎಳೆಯುತ್ತೇವೆ, ಅವನಿಗೆ ರಸ್ತೆ ಎಲ್ಲಿಯವರೆಗೆ ಕಾಣುತ್ತದೆ ಅಂತ. ಆ ಗೆರೆ ನಿಮ್ಮ ಅಂಗಡಿಗೆ ಹೋಗಿ ನಿಂತಿತು. ಹಳೆಯ ಅಂಗಡಿಗಲ್ಲ. ನೀವು ವರ್ಷವರ್ಷ ಮುಂದಕ್ಕೆ ಚಾಚಿದ ತಗಡಿನ ಚಾವಣಿಗೆ, ಟಯರು ಪೇರಿಸಿದ ಗೋಡೆಗೆ. ಅದು ರಸ್ತೆಯ ಜಾಗದಲ್ಲಿದೆ ಮಾವ. ಈಗ ಅಳತೆಗೆ ಬಂದಿದ್ದ ಅಧಿಕಾರಿಯೂ ಅದನ್ನೇ ಬರೆದಿದ್ದಾರೆ. ಮುಂದಿನ ಭಾಗ ತೆಗೆದರೆ ಮಾತ್ರ ಕೆಲಸ ಶುರು. ಇಲ್ಲದಿದ್ದರೆ ಹಣ ವಾಪಸ್ಸು ಹೋಗುತ್ತದೆ.

ಮೊದಲೇ ಹೇಳಿದ್ದರೆ ನೀವು ಠಾಣೆಗೆ ಹೋಗುತ್ತಿದ್ದಿರೋ ಇಲ್ಲವೋ ಅನ್ನುವ ಅನುಮಾನ ನನಗಿತ್ತು. ಅದಕ್ಕೇ ಹೇಳಲಿಲ್ಲ. ಇದು ಮೋಸವೇ. ನಿಯಮಕ್ಕೆ ತಪ್ಪದೆ ನಡೆದೆ, ನಿಮಗೆ ತಪ್ಪಿ ನಡೆದೆ. ಬೈಯಬೇಕೆನಿಸಿದರೆ ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ನಿಮ್ಮ ಸೊಸೆ


ಡಿಸೆಂಬರ್ 8

ಮಗಳೇ,

ನಿನ್ನ ಮಾವ ಬರೆಯೋ ಸ್ಥಿತಿಯಲ್ಲಿಲ್ಲ, ಅದಕ್ಕೇ ನಾನು ಬರೀತಿದ್ದೀನಿ. ಆರೋಗ್ಯಕ್ಕೇನಿಲ್ಲ. ನಿನ್ನ ಕಾಗದ ಓದಿದ ದಿನದಿಂದ ಜಂಬ ಕೊಚ್ಚಿಕೊಂಡಿಲ್ಲ. ಮನೆ ಭಣ ಭಣ ಅನ್ನುತ್ತೆ. ಮೂವತ್ತು ವರ್ಷ ಸ್ವಲ್ಪ ಬಾಯಿ ಮುಚ್ಚಿ ಅಂತ ಬೇಡಿಕೊಂಡವಳು ನಾನು, ಈಗ ಏನಾದರೂ ಬೊಗಳೆ ಬಿಡಲಿ ಅನ್ನಿಸ್ತಿದೆ.

ಮೊನ್ನೆ ಗುಡ್ಡದ ಮೇಲಿನವರೆಗೂ ನಡೆದು ಹೋಗಿ, ಇಳಿಯೋ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಬಂದರಂತೆ. ಮತ್ತೆ ಹತ್ತಿ ಹೋಗಿ ಇನ್ನೊಂದರಲ್ಲಿ ಬಂದರಂತೆ. ನಾಲ್ಕು ಸಲ. ಸಂಜೆ ಮನೆಗೆ ಬಂದು, "ಅಷ್ಟೂ ಡೆಂಟು ಮಾಡಿದ್ದೂ ನಾನೇ, ಎತ್ತಿದ್ದೂ ನಾನೇ ಕಣೇ" ಅಂದರು. ಟೀ ಮಾಡಿಕೊಟ್ಟೆ, ಸಕ್ಕರೆ ಹಾಕಿ.

ನಿನ್ನ ಮೇಲೆ ಸಿಟ್ಟಿಲ್ಲ ಅವರಿಗೆ. ಬೇಕಾದರೆ ನಾನು ಸ್ವಲ್ಪ ಸಿಟ್ಟು ಮಾಡ್ತೀನಿ, ಫೋನಲ್ಲಿ.

ಅತ್ತೆ


ಜನವರಿ 6

ನಮ್ಮ ಇಂಜಿನಿಯರಮ್ಮನಿಗೆ,

ಅಂಗಡಿಯ ಮುಂಭಾಗ ಕಿತ್ತಾಯ್ತು. ನಿಮ್ಮ ಸರ್ಕಾರದವರು ನೋಟಿಸು ಅಂಟಿಸೋಕೆ ಬಂದಾಗ ಅಂಟಿಸೋಕೆ ಗೋಡೆಯೇ ಇರಲಿಲ್ಲ, ಟೀಚರಮ್ಮನ ಕಾಂಪೌಂಡಿಗೆ ಅಂಟಿಸಿ ಬೈಸಿಕೊಂಡರು. ಕಂಟ್ರಾಕ್ಟರು ನಾಲ್ಕು ದಿನದ ಕೆಲಸ ಅಂದಿದ್ದನಂತೆ. ನಾನೊಬ್ಬನೇ ಎರಡು ದಿನದಲ್ಲಿ ಮುಗಿಸಿದೆ. ಎರಡೂವರೆ ಅಂದುಕೋ. ಬಡಗಿ ಬಂದು ಮೊಳೆ ಕೀಳೋಕೆ ಸೇರಿಕೊಂಡ, ಮೊಟ್ಟೆಯವನು ಟಯರು ಉರುಳಿಸಿದ. ಕಟಿಂಗ್ ಶಾಪಿನವನು ಸುಮ್ಮನೆ ನಿಂತು ಸಲಹೆ ಕೊಟ್ಟ, ಅವನ ಎಲುಬಿಗೆ ಅಷ್ಟೇ ಸಾಧ್ಯ.

ಈಗ ಕೆಲಸವೆಲ್ಲ ಹಿಂದಿನ ಶೆಡ್ಡಲ್ಲಿ. ರಸ್ತೆಗೆ ಕಾಣಲ್ಲ, ಗಿರಾಕಿ ಕಮ್ಮಿ. ಅಭ್ಯಾಸ ಆಗುತ್ತೆ. ಹೋದ ವಾರ ಇಬ್ಬರು ಸ್ಕೂಟರಿನವರು ಗುದ್ದಿಕೊಂಡು ಬಂದರು, ನ್ಯಾಯ ಹೇಳಿ ಅಂತ. ನ್ಯಾಯ ಠಾಣೆಯಲ್ಲಿ, ಡೆಂಟು ಇಲ್ಲಿ ಅಂದೆ. ಒಬ್ಬನನ್ನ ನಾನೇ ಬಸ್ ಹತ್ತಿಸಿ ಕಳಿಸಿದೆ.

ನೀನು ಮೋಸ ಮಾಡಿದೆ ಅಂತ ಬರೆದಿದ್ದೆಯಲ್ಲ. ಮೊದಲೇ ಹೇಳಿದ್ದರೆ ನಾನು ಠಾಣೆಗೆ ಹೋಗ್ತಿದ್ದೆನಾ ಅಂತ ತುಂಬಾ ಯೋಚನೆ ಮಾಡಿದೆ. ಹೋಗ್ತಿದ್ದೆ ಅಂತ ಟೀ ಅಂಗಡಿಯಲ್ಲಿ ಹೇಳಿದ್ದೀನಿ. ನಿನಗೆ ಹಾಗೆ ಬರೆಯೋಕೆ ಆಗ್ತಿಲ್ಲ.

ತಗಡೆಲ್ಲ ಹೊತ್ತು ಹಾಕಿದ ಮೇಲೆ ಸಂಜೆ ಐದು ಗಂಟೆಗೆ ಆ ಖಾಲಿ ಜಾಗದಲ್ಲಿ ನಿಂತಿದ್ದೆ. ಸುಮ್ಮನೆ ರಸ್ತೆಯ ಕೆಳಗಡೆ ನೋಡಿದೆ. ನಿನ್ನ ಅತ್ತೆ ಅಂಗಡಿ ಬೀಗ ಹಾಕ್ತಿದ್ದಳು. ಬೀಗ ಎಳೆದು ನೋಡಿದಳು, ಇನ್ನೊಂದು ಸಲ ಎಳೆದಳು, ಕೋಲು ಊರಿಕೊಂಡು ರಸ್ತೆ ಅಂಚಿಗೆ ಬಂದಳು. ಇಷ್ಟು ವರ್ಷ ದಿನಾ ಹೀಗೇ ಬಂದಿದ್ದಾಳೆ, ನಾನು ಅವಳನ್ನ ನೋಡ್ತಿದ್ದಿದ್ದು ಬಾಗಿಲಿಗೆ ಬಂದ ಮೇಲೆಯೇ. ಅವಳು ಅಷ್ಟು ದೂರದಿಂದ ಕಾಣ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮೇಲಿಂದ ಒಂದು ಲಾರಿ ಇಳೀತಿತ್ತು. ಕೂಗೋಕೆ ಬಾಯಿ ತೆಗೆದೆ. ಆದರೆ ಅವನಿಗೂ ಕಂಡಳು. ನಿಧಾನ ಮಾಡಿದ, ಪೂರ್ತಿ ನಿಲ್ಲಿಸಿದ. ಅವಳು ಅವನ ಕಡೆ ಒಂದು ಸಲ ನೋಡಿ, ಒಂಚೂರೂ ಅವಸರ ಮಾಡದೆ ದಾಟಿದಳು.

ನಿನ್ನ ಮಾವ